ಏರುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು: ಪುಣೆಯ ಒಂದು ರೇಡಿಯೋ ಸಿಮ್ಯುಲೇಷನ್ ಪ್ರಕರಣ

ಹಿನ್ನೆಲೆ

ಪುಣೆಯ ಹಿಂಜವಡಿ ಕಡೆಯ ಒಂದು ಸಣ್ಣ ಸಂಸ್ಥೆಯಲ್ಲಿ ನಡೆದದ್ದಿದು. ಮನೆಮನೆಯ ನೀರಿನ ಮೀಟರನ್ನು ದೂರದಿಂದಲೇ ಓದುವ ರೇಡಿಯೋ ಲಿಂಕೊಂದನ್ನು ಅವರು ವಿನ್ಯಾಸ ಮಾಡುತ್ತಿದ್ದರು. ನಮ್ಮ ದೇಶದಲ್ಲಿ ಪರವಾನಗಿ ಬೇಡದ, 865 ಮೆಗಾಹರ್ಟ್ಜ್ ಆಸುಪಾಸಿನ ಬ್ಯಾಂಡಿನಲ್ಲಿ ಅದು ಕೆಲಸ ಮಾಡಬೇಕಿತ್ತು. ಸಂಸ್ಥೆ, ಗ್ರಾಹಕರು, ಮನುಷ್ಯರು ಯಾರೆಂದು ಗೊತ್ತಾಗದಂತೆ ಕೆಲವು ವಿವರ ಬದಲಿಸಿದ್ದೇನೆ. ತಾಂತ್ರಿಕ ಸಂಗತಿಯನ್ನು ಮುಟ್ಟಿಲ್ಲ.

ತಂಡದ ಲೀಡ್ ಧಾರವಾಡದವರು, ರೇಡಿಯೋ ಕೆಲಸದಲ್ಲಿ ತಲೆ ಬೆಳ್ಳಗಾದವರು. ಜೊತೆಗೆ ಇಬ್ಬರು ಮರಾಠಿ ಎಂಜಿನಿಯರುಗಳು, ಮತ್ತೆ ಎಂ.ಟೆಕ್. ಮುಗಿಸಿ ಬೆಳಗಾವಿಯಿಂದ ಬಂದ ಹೊಸ ಹುಡುಗಿ. ಮೀಟಿಂಗುಗಳೆಲ್ಲ ಹಿಂದಿ, ಇಂಗ್ಲಿಷ್, ಮರಾಠಿ ಬೆರೆತ ಭಾಷೆಯಲ್ಲಿ ನಡೆಯುತ್ತಿದ್ದವು. ಕನ್ನಡ ಊಟದ ಟೇಬಲ್ಲಿಗೆ ಮೀಸಲು. ನಾನು ಅದೇ ಕಟ್ಟಡದ ಬೇರೆ ತಂಡದವನು. ನನ್ನನ್ನು ಕರೆದದ್ದು ಲಾಗ್ ಓದುವುದಕ್ಕೆ, ಅದೂ ಕಡೆಯ ಹಂತದಲ್ಲಿ. ಅಲ್ಲಿಯವರೆಗಿನ ಕಥೆಯನ್ನು ಅವರ ಟಿಪ್ಪಣಿಗಳಿಂದಲೂ ಅದೇ ಊಟದ ಟೇಬಲ್ಲಿನಿಂದಲೂ ಕಟ್ಟಿಕೊಂಡಿದ್ದೇನೆ.

ಹಾರ್ಡ್‌ವೇರ್ ಕೈಗೆ ಬರುವ ಮೊದಲು ಇಡೀ ಲಿಂಕನ್ನು ಗ್ನೂ ರೇಡಿಯೋದಲ್ಲಿ, ಅಂದರೆ ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸಿ ರೇಡಿಯೋ ಕಟ್ಟುವ ತಂತ್ರಾಂಶದಲ್ಲಿ, ಸಿಮ್ಯುಲೇಟ್ ಮಾಡಬೇಕಿತ್ತು. ಹಾಗೆ ಜೋಡಿಸಿದ ಚಿತ್ರಕ್ಕೆ ಫ್ಲೋಗ್ರಾಫ್ ಎನ್ನುತ್ತಾರೆ. ಬಿಟ್‌ಗಳನ್ನು ಹುಟ್ಟಿಸುವುದು, ಎರಡೆರಡು ಬಿಟ್‌ಗಳನ್ನು ಒಂದೊಂದು ಸಿಂಬಲ್ (ಅಲೆಯ ನಾಲ್ಕು ಸ್ಥಿತಿಗಳಲ್ಲಿ ಒಂದು) ಮಾಡುವ ಕ್ಯೂಪಿಎಸ್‌ಕೆ ಮಾಡ್ಯುಲೇಟರ್, ಅದಕ್ಕೆ ನಾಯ್ಸ್ ಕೂಡಿಸುವ ಆ್ಯಡರ್, ಸ್ವಲ್ಪ ಫ್ರೀಕ್ವೆನ್ಸಿ ಜಾರಿಸುವ ಗುಣಕ, ನಾಯ್ಸಿನ ನಡುವಿನಿಂದ ಸಿಗ್ನಲ್ ಹೆಕ್ಕುವ ಮ್ಯಾಚ್ಡ್ ಫಿಲ್ಟರ್, ಪ್ರತಿ ಸಿಂಬಲ್ಲನ್ನು ಯಾವ ಕ್ಷಣದಲ್ಲಿ ಓದಬೇಕೆಂದು ಹಿಡಿಯುವ ಸಿಂಬಲ್ ಸಿಂಕ್, ಜಾರಿದ ಫ್ರೀಕ್ವೆನ್ಸಿಯನ್ನು ಸರಿಪಡಿಸುವ ಕಾಸ್ಟಾಸ್ ಲೂಪ್, ಕೊನೆಗೆ ಬಂದ ಬಿಟ್‌ಗಳನ್ನು ಕಳಿಸಿದ ಬಿಟ್‌ಗಳೊಂದಿಗೆ ಹೋಲಿಸಿ ತಪ್ಪು ಎಣಿಸುವ ಒಂದು ಪೈಥಾನ್ ಬ್ಲಾಕ್. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಸಿಗ್ನಲ್ಲಿನ ಎಷ್ಟು ಅಳತೆಗಳೆಂಬುದು, 32,000. ಗ್ನೂ ರೇಡಿಯೋದ ಚಿತ್ರಫಲಕ ಹೊಸ ಫೈಲ್ ತೆರೆದಾಗ ತಾನಾಗಿಯೇ ಕೊಡುವ ಅಂಕಿ ಅದು, ಯಾರೂ ಬದಲಿಸಿರಲಿಲ್ಲ. ಸಿಂಬಲ್ಲಿಗೆ ನಾಲ್ಕು ಸ್ಯಾಂಪಲ್. ಹಾಗಾಗಿ ಸೆಕೆಂಡಿಗೆ 8,000 ಸಿಂಬಲ್, 16,000 ಬಿಟ್.

ಗ್ರಾಹಕರಿಗೆ ತೋರಿಸುವಾಗ ಗ್ರಾಫ್ ಕಣ್ಣೆದುರೇ ಬೆಳೆಯಬೇಕು ಎಂಬ ಆಸೆ ಮೇಲಿನವರದು. ಅದಕ್ಕಾಗಿ ಫ್ಲೋಗ್ರಾಫ್ ಓಡುತ್ತಿರುವಾಗಲೇ ಇನ್ನೊಂದು ಥ್ರೆಡ್ (ಪ್ರೋಗ್ರಾಮಿನಲ್ಲಿ ಜೊತೆಜೊತೆಗೇ ಓಡುವ ಬೇರೆ ಎಳೆ) ಈಬಿ-ಎನ್‌ನಾಟ್ ಅನ್ನು, ಅಂದರೆ ನಾಯ್ಸಿಗೆ ಹೋಲಿಸಿದರೆ ಒಂದು ಬಿಟ್‌ಗೆ ಎಷ್ಟು ಶಕ್ತಿಯಿದೆ ಎಂಬುದನ್ನು, 0 ಡಿಬಿಯಿಂದ (ಡೆಸಿಬೆಲ್) 10 ಡಿಬಿವರೆಗೆ ಒಂದೊಂದೇ ಏರಿಸುತ್ತಿತ್ತು. ಪ್ರತಿ ಮಟ್ಟದಲ್ಲೂ ಎರಡು ಸೆಕೆಂಡ್ ನಿಲ್ಲುವುದು, ತಪ್ಪಿನ ಎಣಿಕೆಯನ್ನು ಕನ್ಸೋಲಿಗೆ (ಪ್ರೋಗ್ರಾಮ್ ಸಾಲುಸಾಲಾಗಿ ಬರೆಯುವ ಪರದೆ) ಒಂದು ಸಾಲಾಗಿ ಬರೆಯುವುದು, ಎಣಿಕೆಯನ್ನು ಸೊನ್ನೆ ಮಾಡುವುದು, ಮುಂದಿನ ಮಟ್ಟಕ್ಕೆ ಹೋಗುವುದು. ಎರಡು ಸೆಕೆಂಡಿನಲ್ಲಿ ಸಿಗುವುದು 32,000 ಬಿಟ್. ಇಷ್ಟು ಕಡಿಮೆ ಬಿಟ್‌ನಲ್ಲಿ ಅಂಕಿ ಜಿಗಿದಾಡುತ್ತದೆಂದು ರಾತ್ರಿಯಿಡೀ ಮತ್ತೆ ಮತ್ತೆ ಓಡಿಸಿ ಸರಾಸರಿ ತೆಗೆಯುತ್ತಿದ್ದರು.

ತೊಂದರೆ

ನಾಯ್ಸ್ ಮಾತ್ರ ಇರುವ ಚಾನೆಲ್ಲಿನಲ್ಲಿ ಕ್ಯೂಪಿಎಸ್‌ಕೆ ಎಷ್ಟು ತಪ್ಪು ಮಾಡಬೇಕೆಂಬುದು ಪಠ್ಯಪುಸ್ತಕದ ಲೆಕ್ಕ. 5 ಡಿಬಿಯಲ್ಲಿ ಲಕ್ಷ ಬಿಟ್‌ಗೆ ಸುಮಾರು 595 ತಪ್ಪು, 6 ಡಿಬಿಯಲ್ಲಿ 239, 7 ಡಿಬಿಯಲ್ಲಿ 77. ಇವರ ಕನ್ಸೋಲ್ 6 ಡಿಬಿ ಎಂದು ಬರೆದು ಅದರ ಪಕ್ಕದಲ್ಲಿ ಲಕ್ಷಕ್ಕೆ 450ರ ಹತ್ತಿರದ ಅಂಕಿ ತೋರಿಸುತ್ತಿತ್ತು. ಅಂದರೆ ರಿಸೀವರ್ ಸುಮಾರು 0.7 ಡಿಬಿ ನಷ್ಟದಲ್ಲಿದೆ ಎಂದಾಯಿತು.

ಈ ಅಂಕಿಯ ಕೆಟ್ಟ ಗುಣವೆಂದರೆ ಅದು ನಂಬುವಂತಿತ್ತು. ಐದು ಡಿಬಿ ಕಮ್ಮಿ ಬಂದಿದ್ದರೆ ಮೊದಲ ದಿನವೇ ಯಾರಾದರೂ ಕೋಡ್ ಬಿಚ್ಚಿ ಕೂರುತ್ತಿದ್ದರು. 0.7 ಎಂದರೆ ಅನುಭವಿಗಳು ತಲೆದೂಗುತ್ತಾರೆ: ಫಿಲ್ಟರ್ ಮೊಟಕಾಗಿರಬಹುದು, ಟೈಮಿಂಗ್ ಲೂಪ್ ನಡುಗುತ್ತಿರಬಹುದು, ನಿಜವಾದ ರಿಸೀವರುಗಳು ಇಷ್ಟು ಕಳೆದುಕೊಳ್ಳುತ್ತವೆ. ಅದೂ ಅಲ್ಲದೆ 0.7 ಡಿಬಿ ಅಂದರೆ ತೆರೆದ ಬಯಲಿನಲ್ಲಿ ವ್ಯಾಪ್ತಿಯ ಸುಮಾರು ನೂರಕ್ಕೆ ಎಂಟರಷ್ಟು ದೂರ. ಮೀಟರುಗಳ ಸಿಗ್ನಲ್ ಹಿಡಿಯುವ ಗೇಟ್‌ವೇಗಳನ್ನು ಇಡೀ ಬಡಾವಣೆಗೆ ಎಷ್ಟು ಕೂರಿಸಬೇಕು ಎಂಬ ಲೆಕ್ಕ ಅದರಿಂದ ಅಲುಗಾಡುತ್ತದೆ. ಹಾಗಾಗಿ ನಷ್ಟವನ್ನು ತುಂಬಿಕೊಳ್ಳಲು ಇನ್ನೂ ಕಡಿಮೆ ನಾಯ್ಸಿನ, ದುಬಾರಿ ಆಂಪ್ಲಿಫೈಯರ್ ಹಾಕುವ ಪ್ರಸ್ತಾಪ ಬಂತು. ಬೆಲೆಪಟ್ಟಿಯೂ ತರಿಸಿಯಾಗಿತ್ತು.

ಏನೇನು ಮಾಡಿ ನೋಡಿದರು

ಮೊದಲು ಕೈ ಹಾಕಿದ್ದು ನಾಯ್ಸ್ ಸೂತ್ರಕ್ಕೆ. ಅದು ಸರಿಯಾದ ಜಾಗವೇ. ಸಿಂಬಲ್ಲಿಗೆ ನಾಲ್ಕು ಸ್ಯಾಂಪಲ್ ಇದ್ದಾಗ ನಾಯ್ಸ್ ಇಡೀ ಬ್ಯಾಂಡಿಗೆ ಹರಡಿರುತ್ತದೆ, ಆ ನಾಲ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಉತ್ತರ 6 ಡಿಬಿ ಆಚೀಚೆ ಹೋಗುತ್ತದೆ. ಸಿಂಬಲ್ಲಿಗೆ ಎರಡು ಬಿಟ್ ಎಂಬುದನ್ನು ಮರೆತರೆ ಇನ್ನೊಂದು 3 ಡಿಬಿ. ಆದರೆ ಇಂಥ ತಪ್ಪುಗಳು 3, 6 ಎಂದು ದಪ್ಪದಪ್ಪವಾಗಿ ಬರುತ್ತವೆ, 0.7 ಎಂದು ಬರುವುದಿಲ್ಲ. ಸೂತ್ರ ಸರಿಯಿತ್ತು.

ಆಮೇಲೆ ಫಿಲ್ಟರಿನ ಟ್ಯಾಪ್‌ಗಳನ್ನು (ಅದರ ಗುಣಾಂಕಗಳನ್ನು) ಹೆಚ್ಚಿಸಿದರು, ಕಾಸ್ಟಾಸ್ ಲೂಪಿನ ಬ್ಯಾಂಡ್‌ವಿಡ್ತ್ ಇಳಿಸಿದರು, ಸಿಂಬಲ್ ಸಿಂಕಿನ ಡಿಟೆಕ್ಟರ್ ಬದಲಿಸಿದರು. ಪ್ರತಿ ಬದಲಾವಣೆಗೂ ಅಂಕಿ ಒಂದಿಷ್ಟು ಅಲುಗುತ್ತಿತ್ತು. ಅಲುಗಿದ್ದನ್ನು ಸುಧಾರಣೆ ಎಂದು ಬರೆದುಕೊಳ್ಳುತ್ತಿದ್ದರು, ಮಾರನೆಯ ರಾತ್ರಿಯ ಓಟದಲ್ಲಿ ಅದು ಮಾಯ.

ಈ ಹೊತ್ತಿಗೆ ಕನ್ಸೋಲ್ ಇನ್ನೆರಡು ಕಡೆ ದಾರಿ ತಪ್ಪಿಸಿತು.

ಒಂದು, ಪ್ರತಿ ಸಲ ಓಡಿಸಿದಾಗಲೂ ಮೊದಲು ಕಾಣುವ ಒಂದು ಸಾಲು. ಸರ್ಕ್ಯುಲರ್ ಬಫರಿನ (ಬಫರ್ ಎಂದರೆ ಮುಂದೆ ಹೋಗುವ ಮುನ್ನ ಮಾಹಿತಿ ಕಾಯುವ ಜಾಗ) ಪ್ರಾಶಸ್ತ್ಯದ ಫೈಲ್ ತೆರೆಯಲಾಗಲಿಲ್ಲ, ಅಂಥ ಫೈಲ್ ಇಲ್ಲ, ಎಂದು ಎರರ್ ಪದದೊಂದಿಗೇ ಬರುತ್ತದೆ. ಗ್ನೂ ರೇಡಿಯೋ ಒಂದು ಯಂತ್ರದಲ್ಲಿ ಮೊದಲ ಸಲ ಓಡಿದಾಗ ಯಾವ ಬಗೆಯ ಬಫರ್ ಬಳಸಬೇಕೆಂದು ಹುಡುಕಿಕೊಂಡು, ಉತ್ತರವನ್ನು ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಬರೆದಿಡುತ್ತದೆ. ಆ ಫೈಲ್ ಇನ್ನೂ ಇಲ್ಲದಿದ್ದಾಗ ಬರುವ ಸಾಲು ಇದು, ಇದರಿಂದ ಏನೂ ಕೆಡುವುದಿಲ್ಲ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದೇ ಸಲ ಕಂಡು ಮರೆಯಾಗುತ್ತದೆ. ಇವರು ಪ್ರತಿ ಓಟಕ್ಕೂ ಹೊಸ ಡಾಕರ್ ಕಂಟೇನರ್ (ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರಿನಂತೆ ಓಡುವ ಪ್ರತ್ಯೇಕ ಪೆಟ್ಟಿಗೆ) ಎಬ್ಬಿಸುತ್ತಿದ್ದರು. ಹೋಮ್ ಫೋಲ್ಡರ್ ಪ್ರತಿ ಸಲ ಖಾಲಿ, ಆದ್ದರಿಂದ ಮೊದಲ ಸಲವೇ ಪ್ರತಿ ಸಲವೂ ಆಯಿತು. ಬಫರ್ ಎಂಬ ಪದ ನೋಡಿ ಒಬ್ಬರು ಇದರ ಬೆನ್ನು ಹತ್ತಿದರು, ಏನೂ ಸಿಗಲಿಲ್ಲ. ತಮಾಷೆಯೆಂದರೆ ಅಪರಾಧಿ ಬಫರೇ ಆಗಿತ್ತು. ಆದರೆ ಈ ಸಾಲಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಇನ್ನೊಂದು ಹೆಚ್ಚು ಗಂಭೀರ. ತಪ್ಪೆಣಿಸುವ ಬ್ಲಾಕಿಗೆ ಬಿಟ್‌ಗಳ ಜೋಡಣೆ, ಅಂದರೆ ಬಂದ ಬಿಟ್ ಕಳಿಸಿದ ಯಾವ ಬಿಟ್‌ಗೆ ಹೊಂದುತ್ತದೆಂಬುದು, ಕಳೆದುಹೋದರೆ ಅದು ಸ್ಟ್ಯಾಂಡರ್ಡ್ ಎರರಿಗೆ (ಎಚ್ಚರಿಕೆಗಳು ಹೊರಬರುವ ದಾರಿ) ಒಂದು ಎಚ್ಚರಿಕೆ ಬರೆಯುತ್ತಿತ್ತು. ಫಲಿತಾಂಶದ ಸಾಲುಗಳು ಸ್ಟ್ಯಾಂಡರ್ಡ್ ಔಟ್‌ಪುಟ್ಟಿಗೆ (ಮಾಮೂಲು ಸಾಲುಗಳ ದಾರಿ) ಹೋಗುತ್ತಿದ್ದವು. ರಾತ್ರಿಯ ಓಟದಲ್ಲಿ ಎರಡನ್ನೂ ಒಂದೇ ಪೈಪಿಗೆ ಸೇರಿಸಿ, ಟೀ ಕಮಾಂಡಿನಿಂದ ಫೈಲಿಗೆ ಇಳಿಸುತ್ತಿದ್ದರು. ಬೆಳಿಗ್ಗೆ ಲಾಗ್ ತೆರೆದರೆ ಎಚ್ಚರಿಕೆಗಳೆಲ್ಲ ಗುಂಪಾಗಿ 7 ಡಿಬಿಯ ಒಂದು ಸಾಲಿನ ಪಕ್ಕದಲ್ಲಿ. ಸಿಗ್ನಲ್ ಚೆನ್ನಾಗಿರುವ 7 ಡಿಬಿಯಲ್ಲಿ ಜೋಡಣೆ ಏಕೆ ತಪ್ಪುತ್ತದೆ? ಈ ಪ್ರಶ್ನೆಗೆ ಒಳ್ಳೊಳ್ಳೆಯ ಉತ್ತರಗಳು ಹುಟ್ಟಿದವು. ಸಿಗ್ನಲ್ಲಿನ ಮಟ್ಟವನ್ನು ತಾನಾಗಿಯೇ ಹೊಂದಿಸುವ ಎಜಿಸಿ ತುಂಬಿ ಹರಿಯುತ್ತಿರಬಹುದು, ಲೂಪ್ ತಪ್ಪು ಬಿಂದುವಿಗೆ ಅಂಟಿರಬಹುದು. ಬಿಳಿಹಲಗೆಯ ತುಂಬ ಬಾಣಗಳು.

ನಾನು ಆ ಲಾಗ್ ನೋಡಿದಾಗ ಕೇಳಿದ್ದು ಒಂದೇ: ಇದು ಟರ್ಮಿನಲ್ಲಿನಲ್ಲಿ ಕಂಡದ್ದೋ, ಫೈಲಿನಿಂದ ಓದಿದ್ದೋ? ಪೈಥಾನ್ ತನ್ನ ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುತ್ತಿದ್ದರೆ ಸಾಲು ಮುಗಿದ ತಕ್ಷಣ ಬಿಡುತ್ತದೆ. ಪೈಪಿಗೋ ಫೈಲಿಗೋ ಹೋಗುತ್ತಿದ್ದರೆ ಸುಮಾರು ಎಂಟು ಕಿಲೋಬೈಟ್ ತುಂಬುವವರೆಗೆ ಹಿಡಿದಿಟ್ಟುಕೊಂಡು ಒಟ್ಟಿಗೆ ಸುರಿಯುತ್ತದೆ. ಸ್ಟ್ಯಾಂಡರ್ಡ್ ಎರರ್ ಹಾಗೆ ಕಾಯುವುದಿಲ್ಲ. ಇವರ ಒಂದು ಸಾಲು ಎಪ್ಪತ್ತು ಅಕ್ಷರದ ಆಸುಪಾಸು. ನೂರಕ್ಕೂ ಹೆಚ್ಚು ಸಾಲು, ಅಂದರೆ ಹತ್ತಕ್ಕೂ ಹೆಚ್ಚು ಸುತ್ತಿನ ಫಲಿತಾಂಶ, ಒಳಗೇ ಕೂತಿರುವಾಗ ಎಚ್ಚರಿಕೆಗಳು ಮಾತ್ರ ಹೊರಗೆ ಬಂದು ಸಾಲುಗಟ್ಟುತ್ತಿದ್ದವು. ಹಿಡಿದಿಟ್ಟದ್ದು ತುಂಬಿ ಸುರಿದ ಕಡೆ ಯಾವ ಸಾಲು ಸಿಕ್ಕಿತೋ ಅದರ ಪಕ್ಕ ಅವು ನಿಂತಿದ್ದವು. ಅವತ್ತು ಅದು 7 ಡಿಬಿ, ಅಷ್ಟೇ. ಬಫರ್ ಮಾಡಬೇಡ ಎಂದು ಪೈಥಾನಿಗೆ ಹೇಳಿ ಮತ್ತೆ ಓಡಿಸಿದರೆ ಎಚ್ಚರಿಕೆಗಳು 0 ಮತ್ತು 1 ಡಿಬಿಯ ಹತ್ತಿರ ಬಂದವು. ಅಷ್ಟು ನಾಯ್ಸಿನಲ್ಲಿ ಜೋಡಣೆ ಆಗಾಗ ತಪ್ಪುವುದು ಸಹಜ. ಬಿಳಿಹಲಗೆ ಒರೆಸಿದರು.

ಆದರೆ 0.7 ಡಿಬಿ ಅಲ್ಲೇ ಇತ್ತು.

ಇಲ್ಲೊಂದು ಮಾತು. ಈ ತಂಡದವರು ಮೊದಲು ಕೆಲಸ ಕಲಿತದ್ದು ನಿಜವಾದ ಯಂತ್ರಗಳ ಮೇಲೆ. ಯುಎಸ್‌ಆರ್‌ಪಿ ಎಂಬ ರೇಡಿಯೋ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದಾಗ ಕನ್ಸೋಲಿನಲ್ಲಿ ಬೀಳುವ ಓ, ಯು ಅಕ್ಷರಗಳು ಬಹುಪಾಲು ಆ ಕ್ಷಣದ ಮಾತನ್ನೇ ಆಡುತ್ತವೆ. ಓ ಬಿತ್ತೆಂದರೆ ಕಂಪ್ಯೂಟರಿಗೆ ಬರುವ ಸ್ಯಾಂಪಲ್ಲುಗಳನ್ನು ಎತ್ತಿಕೊಳ್ಳಲಾಗುತ್ತಿಲ್ಲ, ಯು ಬಿತ್ತೆಂದರೆ ಕಳಿಸಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಕೊಡಲಾಗುತ್ತಿಲ್ಲ. ಅಕ್ಷರ ಬಿದ್ದಾಗ ಏನು ಮಾಡುತ್ತಿದ್ದೆವೋ ಅದನ್ನೇ ದೂರುವುದು ಅವರಿಗೆ ರೂಢಿ, ಅಲ್ಲಿ ಅದು ಕೆಲಸವನ್ನೂ ಮಾಡುತ್ತದೆ. ಸಿಮ್ಯುಲೇಷನ್ನಿನಲ್ಲಿ ಆ ರೂಢಿ ಕೈಕೊಡುತ್ತದೆ.

ತಿರುವು

ಅಂಕಿ ಜಿಗಿದಾಡುವುದನ್ನು ಕಮ್ಮಿ ಮಾಡಲೆಂದು ಹೊಸ ಹುಡುಗಿ ಪ್ರತಿ ಮಟ್ಟದಲ್ಲಿ ನಿಲ್ಲುವ ಹೊತ್ತನ್ನು ಎರಡರಿಂದ ಐದು ಸೆಕೆಂಡಿಗೆ ಏರಿಸಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. 6 ಡಿಬಿಯ ಅಂಕಿ 450ರಿಂದ 340ಕ್ಕೆ ಇಳಿಯಿತು, ನಷ್ಟ ಸುಮಾರು ಅರ್ಧವಾಯಿತು. ಮೀಟಿಂಗಿನಲ್ಲಿ ಇದನ್ನು ಒಳ್ಳೆಯ ಸುದ್ದಿ ಎಂದು ದಾಖಲಿಸಿಕೊಂಡು ಮುಂದಿನ ವಿಷಯಕ್ಕೆ ಹೋದರು. ಅವಳು ಸುಮ್ಮನಿದ್ದಳು. ಮಾತೆತ್ತಿದ್ದು ಊಟಕ್ಕೆ ಕೂತಾಗ.

“ಸರ, ಎರಡರ ಬದ್ಲಿ ಐದು ಸೆಕೆಂಡ್ ಇಟ್ರ ಲಾಸ್ ಅರ್ಧಾ ಆಗಾಕತ್ತೈತ್ರಿ. ಫಿಲ್ಟರ್ ಕೆಟ್ಟಿದ್ರ ಅದು ಹೊತ್ತು ನೋಡಿ ಕೆಡ್ತೈತೇನ್ರಿ?”

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ. ಹೆಚ್ಚು ಹೊತ್ತು ಅಳೆದರೆ ಅಂಕಿಯ ಜಿಗಿತ ಕಡಿಮೆಯಾಗಬೇಕು. ಅಂಕಿಯೇ ಒಂದು ದಿಕ್ಕಿಗೆ ಸರಿಯಬಾರದು. ಸರಿಯಿತೆಂದರೆ ಅಳತೆಯೊಳಗೆ ಹೊತ್ತಿಗೆ ಅಂಟಿಕೊಂಡ ಏನೋ ಸೇರಿದೆ.

ಲೀಡ್ ಊಟ ಬಿಟ್ಟು ಯೋಚಿಸಿದರು. “ಹಂಗಾದ್ರ ಒಂದ್ ಕೆಲಸಾ ಮಾಡವಾ. ಉಲ್ಟಾ ಓಡಿಸು. ಹತ್ತರಿಂದ ಸೊನ್ನೀಗೆ ಇಳಿಸ್ಕೋತ ಬಾ.”

ಸಂಜೆಗೆ ಉತ್ತರ ಬಂತು. ಎರಡು ಸೆಕೆಂಡಿನದೇ ಓಟ, ಇಳಿಯುವ ದಿಕ್ಕು: 6 ಡಿಬಿ ಎದುರು ಲಕ್ಷಕ್ಕೆ ಸುಮಾರು 175 ತಪ್ಪು. ಪಠ್ಯಪುಸ್ತಕ 239ಕ್ಕಿಂತ ಕಡಿಮೆ ಆಗಲು ಸಾಧ್ಯವಿಲ್ಲ ಎನ್ನುತ್ತದೆ. ಅವರ ರಿಸೀವರ್ ಗಣಿತವನ್ನೇ 0.3 ಡಿಬಿಯಿಂದ ಸೋಲಿಸಿತ್ತು. ತಂಡದ ಇನ್ನೊಬ್ಬರು ನಗುತ್ತ ಪೇಟೆಂಟ್ ಹಾಕೋಣ ಎಂದರಂತೆ. ಲೀಡ್ ನಗಲಿಲ್ಲ. “ಥಿಯರಿಗಿಂತ ಚಲೋ ಬಂದದಂದ್ರ ಹಿಗ್ಗಬ್ಯಾಡ್ರಿ, ಎಲ್ಲೋ ಲೆಕ್ಕ ತಪ್ಪೇದ ಅಂತ ತಿಳಕೋರಿ.”

ಏರುವಾಗ ಕೆಟ್ಟದ್ದು, ಇಳಿಯುವಾಗ ಅತಿ ಒಳ್ಳೆಯದು. ಅಂದರೆ ಪ್ರತಿ ಅಳತೆಯಲ್ಲೂ ಹಿಂದಿನ ಮಟ್ಟದ ಪಾಲು ಬೆರೆತಿದೆ. 5 ಮತ್ತು 6ರ ಅಂಕಿಗಳನ್ನು ಅರ್ಧರ್ಧ ಬೆರೆಸಿ ನೋಡಿದರೆ ಏರುವ ಓಟದ ಅಂಕಿಯ ಹತ್ತಿರ ಬರುತ್ತದೆ, 7 ಮತ್ತು 6ನ್ನು ಬೆರೆಸಿದರೆ ಇಳಿಯುವ ಓಟದ್ದು. ಐದು ಸೆಕೆಂಡಿನ ಓಟಕ್ಕೆ ಐದನೆಯ ಒಂದು ಪಾಲು ಹಳೆಯದೆಂದು ಹಿಡಿದರೆ ಅದೂ ಕೂಡಿಬಂತು. ಎರಡರಲ್ಲಿ ಅರ್ಧ, ಐದರಲ್ಲಿ ಐದನೆಯ ಒಂದು: ಎರಡೂ ಕಡೆ ಹಳೆಯ ಪಾಲಿನ ಉದ್ದ ಒಂದೇ ಸೆಕೆಂಡ್. ಎಲ್ಲೋ ಒಂದು ಸೆಕೆಂಡ್ ಅಡಗಿತ್ತು.

ಅಡಗಿದ್ದ ಒಂದು ಸೆಕೆಂಡ್

ಗ್ನೂ ರೇಡಿಯೋದಲ್ಲಿ ಪ್ರತಿ ಬ್ಲಾಕೂ ತನ್ನದೇ ಥ್ರೆಡ್ಡಿನಲ್ಲಿ ಓಡುತ್ತದೆ. ಒಂದರ ಔಟ್‌ಪುಟ್ ನೇರವಾಗಿ ಇನ್ನೊಂದಕ್ಕೆ ಹೋಗುವುದಿಲ್ಲ, ನಡುವೆ ಬಫರ್ ಇರುತ್ತದೆ. ಬೇರೆ ಏನೂ ಹೇಳದಿದ್ದರೆ ಅದರ ಗಾತ್ರ 64 ಕಿಲೋಬೈಟ್. ಎರಡು ಅಂಕಿ ಸೇರಿದ ಕಾಂಪ್ಲೆಕ್ಸ್ ಸ್ಯಾಂಪಲ್ಲಿಗೆ ಎಂಟು ಬೈಟ್, ಹಾಗಾಗಿ ಒಂದು ಬಫರಿನಲ್ಲಿ ಹತ್ತಿರ ಹತ್ತಿರ 8,192 ಸ್ಯಾಂಪಲ್.

ಬಫರ್ ಇರುವುದು ತೊಂದರೆಯಲ್ಲ, ತುಂಬಿರುವುದು ತೊಂದರೆ. ತುಂಬಿಸಿದ್ದು ಥ್ರಾಟಲ್. ಸಿಮ್ಯುಲೇಷನ್ನಿನಲ್ಲಿ ಹಾರ್ಡ್‌ವೇರಿನ ಗಡಿಯಾರ ಇರುವುದಿಲ್ಲವಾದ್ದರಿಂದ ಫ್ಲೋಗ್ರಾಫ್ ಪ್ರೊಸೆಸರ್ ತಾಳುವಷ್ಟು ವೇಗದಲ್ಲಿ ಓಡುತ್ತದೆ. ಅದನ್ನು ಸರಾಸರಿ 32,000ಕ್ಕೆ ಹಿಡಿದಿಡಲು ಥ್ರಾಟಲ್ ಹಾಕುತ್ತಾರೆ. ಇವರು ಅದನ್ನು ಮ್ಯಾಚ್ಡ್ ಫಿಲ್ಟರ್ ಆದ ಮೇಲೆ ಇಟ್ಟಿದ್ದರು. ಕಾರಣ ಕೇಳಿದರೆ, ಚಿತ್ರದಲ್ಲಿ ಅಲ್ಲಿ ಜಾಗ ಖಾಲಿಯಿತ್ತು. ಥ್ರಾಟಲಿನ ಮುಂದಿರುವ ಬ್ಲಾಕುಗಳು ಬಂದದ್ದನ್ನು ಬಂದಂತೆ ಮುಗಿಸಿ ಖಾಲಿ ಕೂತಿರುತ್ತವೆ. ಹಿಂದಿರುವವು ವೇಗವಾಗಿ ಓಡಿ, ಬಫರ್ ತುಂಬಿಸಿ, ಜಾಗವಾಗಲೆಂದು ಕಾಯುತ್ತವೆ. ನಾಯ್ಸ್ ಹುಟ್ಟುವಲ್ಲಿಂದ ಥ್ರಾಟಲಿನವರೆಗೆ ಎಣಿಸಿದರೆ ನಾಲ್ಕು ಬಫರ್: ನಾಯ್ಸ್ ಮೂಲದಿಂದ ಆ್ಯಡರಿಗೆ, ಆ್ಯಡರಿನಿಂದ ಗುಣಕಕ್ಕೆ, ಗುಣಕದಿಂದ ಫಿಲ್ಟರಿಗೆ, ಫಿಲ್ಟರಿನಿಂದ ಥ್ರಾಟಲಿಗೆ. 8,192ರ ನಾಲ್ಕರಷ್ಟು 32,768. ಸೆಕೆಂಡಿಗೆ 32,000ರಂತೆ ಹರಿದರೆ ಅದು ಒಂದು ಸೆಕೆಂಡ್ ಮತ್ತು ಚೂರು.

ಗೀಜರ್ ಹಚ್ಚಿದ ಮೇಲೂ ನಲ್ಲಿಯಲ್ಲಿ ಮೊದಲು ಬರುವುದು ಪೈಪಿನೊಳಗೆ ನಿಂತ ತಣ್ಣೀರು. ಇವರ ಕನ್ಸೋಲ್ ಗೀಜರಿನ ಸ್ವಿಚ್ ನೋಡಿ ನೀರಿನ ಬಿಸಿ ಎಷ್ಟೆಂದು ಬರೆಯುತ್ತಿತ್ತು. ಸಾಲಿನ ಎಡಗಡೆಯ 6 ಡಿಬಿ ಬರುತ್ತಿದ್ದುದು ಪೈಥಾನಿನ ಒಂದು ವೇರಿಯಬಲ್ಲಿನಿಂದ, ಅದು ಬದಲಾದದ್ದು ಆ ಕ್ಷಣ. ಬಲಗಡೆಯ ತಪ್ಪಿನ ಎಣಿಕೆ ಬರುತ್ತಿದ್ದುದು ಒಂದು ಸೆಕೆಂಡ್ ಹಿಂದೆ ನಾಯ್ಸ್ ಕೂಡಿಸಿಕೊಂಡ ಸ್ಯಾಂಪಲ್ಲುಗಳಿಂದ. ಎರಡೂ ತಮ್ಮ ತಮ್ಮ ಮಟ್ಟಿಗೆ ನಿಜ. ಒಂದೇ ಸಾಲಿನಲ್ಲಿ ಕೂತದ್ದರಿಂದ ಸುಳ್ಳಾದವು.

ಥ್ರಾಟಲನ್ನು ಮೂಲದ ಪಕ್ಕಕ್ಕೆ, ಮಾಡ್ಯುಲೇಟರಿನ ಹಿಂದಕ್ಕೆ ತಂದರೆ ಸಾಕಲ್ಲವೇ ಎಂದು ಒಬ್ಬರು ಕೇಳಿದರು, ಮಾಡಿಯೂ ನೋಡಿದರು. ಬಹುಪಾಲು ಸರಿಹೋಯಿತು, ಪೂರ್ತಿ ಅಲ್ಲ. ನಾಯ್ಸ್ ಮೂಲ ಪ್ರತ್ಯೇಕ ಬ್ಲಾಕ್, ಅದಕ್ಕೆ ಥ್ರಾಟಲಿನ ಕಡಿವಾಣವಿಲ್ಲ. ಆ್ಯಡರ್ ಎರಡೂ ಕಡೆಯಿಂದ ಸಮನಾಗಿ ತೆಗೆದುಕೊಳ್ಳುವುದರಿಂದ ನಾಯ್ಸ್ ಮೂಲ ತನ್ನ ಬಫರನ್ನು ಮುಂಚೆಯೇ ತುಂಬಿಸಿಟ್ಟು ಕಾಯುತ್ತದೆ. 8,192 ಸ್ಯಾಂಪಲ್ ಅಂದರೆ ಕಾಲು ಸೆಕೆಂಡ್. ಗ್ನೂ ರೇಡಿಯೋದ ಸಿದ್ಧ ಚಾನೆಲ್ ಮಾಡೆಲ್ ಬ್ಲಾಕಿನ ಹೊಟ್ಟೆಯಲ್ಲೂ ಹೀಗೆಯೇ ಒಂದು ನಾಯ್ಸ್ ಮೂಲ, ಒಂದು ಆ್ಯಡರ್ ಇವೆ. ಅದನ್ನು ಬಳಸುವವರು ತಮಗಿದು ಅನ್ವಯಿಸುವುದಿಲ್ಲ ಎಂದುಕೊಳ್ಳಬಾರದು.

ಸರಿಪಡಿಸಿದ ಬಗೆ

ಎರಡು ದಾರಿ ಮುಂದಿದ್ದವು. ಚರ್ಚೆ ಒಂದಿಷ್ಟು ಕಾವೇರಿತು.

ಸರಳ ದಾರಿ: ಓಡುತ್ತಿರುವಾಗ ಏನನ್ನೂ ಬದಲಿಸದಿರುವುದು. ಪ್ರತಿ ಡಿಬಿಗೂ ಹೊಸ ಓಟ, ಥ್ರಾಟಲ್ ಬೇಡ, ಗೊತ್ತಾದ ಸ್ಯಾಂಪಲ್ ಸಂಖ್ಯೆಗೆ ನಿಲ್ಲಿಸಲು ಹೆಡ್ ಬ್ಲಾಕ್, ಪ್ರತಿ ಸಲ ಅದೇ ನಾಯ್ಸ್ ಹುಟ್ಟುವಂತೆ ಬರೆದಿಟ್ಟ ಸೀಡ್ ಎಂಬ ಅಂಕಿ. ಇನ್ನೊಂದು ದಾರಿ ಟ್ಯಾಗ್: ನಾಯ್ಸಿನ ಮಟ್ಟ ಬದಲಾಗುವ ಸ್ಯಾಂಪಲ್ಲಿನ ಮೇಲೇ ಚೀಟಿ ಅಂಟಿಸಿ, ಅದು ಸ್ಯಾಂಪಲ್ಲಿನ ಜೊತೆಗೇ ಹರಿದು ತಪ್ಪೆಣಿಸುವ ಬ್ಲಾಕನ್ನು ಮುಟ್ಟಿದಾಗ ಎಣಿಕೆಯನ್ನು ಹೊಸದಾಗಿ ಶುರುಮಾಡುವುದು.

ಲೀಡ್ ಟ್ಯಾಗ್ ಪರ. ಅದನ್ನು ವಿವರಿಸಲು ಅವರು ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರದ ಖೋಡದಿನಲ್ಲಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕವನ್ನು ತಂದರು. 45 ಮೀಟರ್ ಅಡ್ಡಳತೆಯ 30 ಡಿಶ್‌ಗಳು 25 ಕಿಲೋಮೀಟರ್ ಹರವಿನಲ್ಲಿ ಚದುರಿವೆ. ಒಂದೇ ನಕ್ಷತ್ರದ ಅಲೆ ಒಂದೊಂದಕ್ಕೂ ಒಂದೊಂದು ಹೊತ್ತಿಗೆ ಮುಟ್ಟುತ್ತದೆ, ಕೇಬಲ್ಲಿನ ತಡವೂ ಬೇರೆ ಬೇರೆ. ಆ ತಡಗಳನ್ನು ಕಳೆದು ಹೊಂದಿಸದೆ ಯಾವ ಎರಡು ಡಿಶ್ಶಿನ ಸಿಗ್ನಲ್ಲನ್ನೂ ಅಲ್ಲಿ ಕೂಡಿಸುವುದಿಲ್ಲ. ನಾವು ಮಾತ್ರ ಕೈಗೆ ಒಟ್ಟಿಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ನಡೆದದ್ದೆಂದು ಬರೆಯುತ್ತಿದ್ದೇವೆ, ಎಂಬುದು ಅವರ ವಾದ.

ವಾದ ಸರಿ, ಆದರೆ ನಾನು ಸರಳ ದಾರಿಯ ಪರ ನಿಂತೆ. ಟ್ಯಾಗಿಗೂ ತನ್ನ ಕೊರತೆಗಳಿವೆ. ಫಿಲ್ಟರ್ ಸಿಗ್ನಲ್ಲನ್ನು ತಡ ಮಾಡುತ್ತದೆ, ಬೇರೆ ಏರ್ಪಾಟು ಮಾಡದಿದ್ದರೆ ಟ್ಯಾಗನ್ನು ಅಷ್ಟೇ ತಡ ಮಾಡುವುದಿಲ್ಲ. ಸಿಂಬಲ್ ಸಿಂಕ್ ನಾಲ್ಕು ಸ್ಯಾಂಪಲ್ಲಿಗೆ ಒಂದು ಸಿಂಬಲ್ ಕೊಡುವಾಗ ಟ್ಯಾಗ್ ಯಾವ ಸಿಂಬಲ್ಲಿನ ಮೇಲೆ ಬೀಳಬೇಕೆಂಬುದು ಅಂದಾಜಿನ ಮಾತು. ಕೊನೆಗೆ ಹಂಚಿಕೊಂಡರು. ವರದಿಗೆ ಹೋಗುವ ಅಂಕಿಗಳೆಲ್ಲ ಪ್ರತ್ಯೇಕ ಓಟದಿಂದ. ಗ್ರಾಹಕರ ಮುಂದೆ ಬೆಳೆಯುವ ಗ್ರಾಫ್ ಟ್ಯಾಗಿನಿಂದ, ಟ್ಯಾಗ್ ಬಂದ ಮೇಲಿನ ಕೆಲವು ನೂರು ಸಿಂಬಲ್‌ಗಳನ್ನು ಲೆಕ್ಕಕ್ಕೆ ಸೇರಿಸದೆ ಬಿಟ್ಟು.

ಥ್ರಾಟಲ್ ತೆಗೆದದ್ದರಿಂದ ಇನ್ನೊಂದು ಲಾಭವಾಯಿತು. 10 ಡಿಬಿಯಲ್ಲಿ ಹತ್ತು ಲಕ್ಷ ಬಿಟ್‌ಗೆ ನಾಲ್ಕು ತಪ್ಪು. ನಂಬಬಹುದಾದ ಅಂಕಿ ಬೇಕೆಂದರೆ ನೂರು ತಪ್ಪಾದರೂ ಕಾಣಬೇಕು, ಅದಕ್ಕೆ ಎರಡೂವರೆ ಕೋಟಿ ಬಿಟ್. ಸೆಕೆಂಡಿಗೆ 16,000ರಂತೆ ಅದೊಂದೇ ಬಿಂದುವಿಗೆ 26 ನಿಮಿಷ ಬೇಕು. ಕಡಿವಾಣವಿಲ್ಲದೆ ಓಡಿಸಿದರೆ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಹಾರ್ಡ್‌ವೇರೂ ಇಲ್ಲದ, ನೋಡುವವರೂ ಇಲ್ಲದ ರಾತ್ರಿಯ ಓಟಕ್ಕೆ ಥ್ರಾಟಲ್ ಯಾಕಿತ್ತೆಂದು ಯಾರೂ ಕೇಳಿಕೊಂಡಿರಲಿಲ್ಲ. ಮೊದಲ ಚಿತ್ರದಲ್ಲಿತ್ತು, ಉಳಿದುಕೊಂಡಿತು.

ಕನ್ಸೋಲಿನ ಸಾಲಿನ ರೂಪವನ್ನೂ ಬದಲಿಸಿದರು. ಹಳೆಯ ಸಾಲಿನಲ್ಲಿ ಗಡಿಯಾರದ ಹೊತ್ತು, ಡಿಬಿ, ನಾಲ್ಕು ದಶಾಂಶ ಸ್ಥಾನದ ತಪ್ಪಿನ ದರ ಇರುತ್ತಿತ್ತು. ಆ ನಾಲ್ಕು ಸ್ಥಾನವೇ ಇನ್ನೊಂದು ಮೋಸ. 9 ಡಿಬಿಯಲ್ಲಿ ಲಕ್ಷಕ್ಕೆ ಮೂರು ನಾಲ್ಕು ತಪ್ಪಿದ್ದರೂ ಪರದೆ 0.0000 ಎನ್ನುತ್ತದೆ. ತಪ್ಪೇ ಇಲ್ಲದ್ದಕ್ಕೂ ತಪ್ಪು ಕಡಿಮೆ ಇರುವುದಕ್ಕೂ ಒಂದೇ ಮುಖ. ಹೊಸ ಸಾಲು ಹೀಗೆ: ಸ್ಯಾಂಪಲ್ 1,31,072ರಿಂದ 2,62,143, ಬಿಟ್ 65,536, ತಪ್ಪು 171. ಭಾಗಾಕಾರವನ್ನು ಓದುವವರಿಗೆ ಬಿಟ್ಟರು. ತಪ್ಪು ಸೊನ್ನೆ ಬಂದರೆ ದರ ಸೊನ್ನೆ ಎಂದು ಬರೆಯದೆ, ಮೂರನ್ನು ಬಿಟ್ ಸಂಖ್ಯೆಯಿಂದ ಭಾಗಿಸಿ ಅದಕ್ಕಿಂತ ಕಡಿಮೆ ಎಂದು ಬರೆಯುತ್ತಾರೆ. ನೂರಕ್ಕೆ 95ರ ಭರವಸೆಯಲ್ಲಿ ಹೇಳಬಹುದಾದದ್ದು ಅಷ್ಟೇ.

ಬೇರೆ ತಂಡಗಳಿಗೆ ಇದರಲ್ಲಿ ಏನಿದೆ

ಸಿಮ್ಯುಲೇಷನ್ನಿನಲ್ಲಿ ಹೊತ್ತು ಎಂದರೆ ಸ್ಯಾಂಪಲ್ ಸಂಖ್ಯೆ, ಗೋಡೆಯ ಗಡಿಯಾರವಲ್ಲ. ಕನ್ಸೋಲಿನಲ್ಲಿ ಮೇಲಿನ ಸಾಲು ಮೊದಲು ನಡೆಯಿತು, ಕೆಳಗಿನದು ಆಮೇಲೆ ಎಂದು ಓದುವ ಅಭ್ಯಾಸ ಎಷ್ಟು ಗಟ್ಟಿಯೆಂದರೆ, ಬೇರೆ ಬೇರೆ ಥ್ರೆಡ್ಡುಗಳು ತಮಗೆ ಸರದಿ ಸಿಕ್ಕಾಗ ಬರೆದದ್ದೆಂದು ಗೊತ್ತಿರುವವರೂ ಹಾಗೇ ಓದುತ್ತಾರೆ. ನಾನು ಈಗ ಯಾವ ಸಾಲನ್ನು ನೋಡಿದರೂ ಅದರಲ್ಲಿರುವ ಒಂದೊಂದು ಅಂಕಿಯೂ ಎಲ್ಲಿಂದ ಬಂತು ಎಂದು ಬೇರೆ ಬೇರೆಯಾಗಿ ಕೇಳುತ್ತೇನೆ. ಎರಡು ಅಂಕಿ ಎರಡು ಥ್ರೆಡ್ಡಿನಿಂದ ಬಂದಿದ್ದರೆ ಅವುಗಳ ನಡುವಿನ ಸಂಬಂಧ ಪುರಾವೆ ಬೇಡುವ ಊಹೆ.

ಪ್ರಿಂಟ್ ಹಾಕಿ ಹುಡುಕುವುದರ ವಿರುದ್ಧ ನನಗೆ ತಕರಾರಿಲ್ಲ. ಆದರೆ ಬ್ಲಾಕಿನ ವರ್ಕ್ ಫಂಕ್ಷನ್ನಿನೊಳಗೆ (ಸ್ಯಾಂಪಲ್ಲುಗಳು ಬಂದಾಗಲೆಲ್ಲ ಕರೆಯಲಾಗುವ ಕೋಡ್) ಕರೆಗೊಂದರಂತೆ ಸಾಲು ಮುದ್ರಿಸಿ, ಆ ಸಾಲುಗಳನ್ನು ಎರಡು ಓಟಗಳ ನಡುವೆ ಹೋಲಿಸುವುದು ವ್ಯರ್ಥ. ಒಂದು ಕರೆಗೆ ಎಷ್ಟು ಸ್ಯಾಂಪಲ್ ಸಿಗುತ್ತದೆ ಎಂಬುದನ್ನು ಬ್ಲಾಕುಗಳನ್ನು ಓಡಿಸುವ ಶೆಡ್ಯೂಲರ್ ಆ ಹೊತ್ತಿನ ಬಫರ್ ನೋಡಿ ತೀರ್ಮಾನಿಸುತ್ತದೆ, ಪ್ರತಿ ಓಟದಲ್ಲೂ ಬೇರೆ. ಮರಾಠಿ ಗೆಳೆಯರೊಬ್ಬರು ಹೀಗೆ ಎರಡು ಲಾಗುಗಳನ್ನು ಸಾಲಿಗೆ ಸಾಲು ಹೋಲಿಸಿ ನೂರಾರು ವ್ಯತ್ಯಾಸ ಗುರುತು ಹಾಕಿಟ್ಟಿದ್ದರು. ಒಂದಕ್ಕೂ ಅರ್ಥವಿರಲಿಲ್ಲ. ಸ್ಯಾಂಪಲ್ಲುಗಳನ್ನೇ ಫೈಲಿಗೆ ಬರೆದು ಹೋಲಿಸಿದಾಗ ಎರಡೂ ಓಟ ತದ್ರೂಪ.

ಉಲ್ಟಾ ಓಡಿಸುವ ಪರೀಕ್ಷೆ ಈಗ ಅವರಲ್ಲಿ ಕಡ್ಡಾಯ. ಓಡುತ್ತಿರುವಾಗ ಏನನ್ನಾದರೂ ಬದಲಿಸಿ ಅಳೆಯುವ ಯಾವ ಸಿಮ್ಯುಲೇಷನ್ನೇ ಇರಲಿ, ಏರುವ ಓಟವೂ ಇಳಿಯುವ ಓಟವೂ ಒಂದೇ ರೇಖೆಯ ಮೇಲೆ ಕೂರಬೇಕು. ಕೋಡಿನ ಒಂದು ಸಾಲನ್ನೂ ಓದದೆ ಮಾಡಬಹುದಾದ ಪರೀಕ್ಷೆ. ಆದರೆ ಅದನ್ನು ಮಾಡಿಸಿದ್ದು ಮೀಟಿಂಗಿನಲ್ಲಿ ಸುಮ್ಮನಿದ್ದವಳ ಪ್ರಶ್ನೆ. ಅಂಕಿ ಸುಧಾರಿಸಿದೆ ಎಂದು ಉಳಿದವರು ಸಂತೋಷಪಟ್ಟು ಬಿಟ್ಟ ಕಡೆ ಅವಳು ಸುಧಾರಣೆಗೆ ಕಾರಣ ಕೇಳಿದಳು. ಕೆಟ್ಟ ಫಲಿತಾಂಶಕ್ಕೆ ಕಾರಣ ಹುಡುಕುವ ತಂಡಗಳು ಬೇಕಾದಷ್ಟಿವೆ. ಈ ಲೀಡ್ ಮಾಡಿದ ದೊಡ್ಡ ಕೆಲಸವೆಂದರೆ ಊಟದ ನಡುವೆ ಬಂದ ಆ ಪ್ರಶ್ನೆಯನ್ನು ಆ ಸಂಜೆಯೇ ಓಡಿಸಿ ನೋಡಿದ್ದು.

ಆಮೇಲೆ

ಹೊಸ ಬಗೆಯಲ್ಲಿ ಅಳೆದಾಗ 6 ಡಿಬಿಯ ಅಂಕಿ ಲಕ್ಷಕ್ಕೆ 264ಕ್ಕೆ ನಿಂತಿತು. ಪಠ್ಯಪುಸ್ತಕಕ್ಕಿಂತ 0.1 ಡಿಬಿ ಕೆಳಗೆ. ಎಷ್ಟು ಹೊತ್ತು ಅಳೆದರೂ, ಯಾವ ದಿಕ್ಕಿನಿಂದ ಬಂದರೂ ಅದೇ. ಆಂಪ್ಲಿಫೈಯರಿನ ಪ್ರಸ್ತಾಪ ಕೈಬಿಟ್ಟರು. ಉಳಿದ 0.1ರಲ್ಲಿ ಸ್ವಲ್ಪ ಭಾಗ ಫಿಲ್ಟರಿನ ಟ್ಯಾಪ್‌ಗಳನ್ನು ಹೆಚ್ಚಿಸಿದಾಗ ಹೋಯಿತು. ಹಿಂದೆ ಮಾಡಿ, ಪ್ರಯೋಜನವಿಲ್ಲವೆಂದು ಕೈಬಿಟ್ಟಿದ್ದ ಅದೇ ಬದಲಾವಣೆ ಅದು. ಆಗ ಅದರ ಲಾಭ ಸುಳ್ಳು ನಷ್ಟದ ಜಿಗಿತದಲ್ಲಿ ಮುಚ್ಚಿಹೋಗಿತ್ತು. ಇನ್ನುಳಿದದ್ದು ಸಿಂಬಲ್ ಸಿಂಕಿನ ಟೈಮಿಂಗ್ ನಡುಕದ್ದು. ಅದನ್ನು ಹಾರ್ಡ್‌ವೇರ್ ಬರುವವರೆಗೆ ಮುಟ್ಟುವುದು ಬೇಡವೆಂದು ಲೀಡ್ ತೀರ್ಮಾನಿಸಿದರು.